ಸಾಲ ಮಂಜೂರಾಗಿದೆ, ಮನೆ ಕೈಗೆ ಬಂದಿಲ್ಲ: ಇಂಗ್ಲೆಂಡಿನಲ್ಲಿ ಮೊದಲ ಮನೆ ಕೊಳ್ಳುವವರು ಮತ್ತು ಮುಗಿದುಹೋಗುವ ಮಾರ್ಟ್‌ಗೇಜ್ ಆಫರ್

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗೃಹಸಾಲ ಮಂಜೂರಾದಾಗ ಕೈಸೇರುವ ಮಾರ್ಟ್‌ಗೇಜ್ ಆಫರ್ ಪತ್ರದಲ್ಲಿ ಬಡ್ಡಿದರ, ತಿಂಗಳ ಕಂತು, ಅವಧಿಗೆ ಮೊದಲೇ ಸಾಲ ತೀರಿಸಿದರೆ ಬೀಳುವ ದಂಡ ಮುಂತಾದವು ಎದ್ದು ಕಾಣುವಂತಿರುತ್ತವೆ. ಆ ಆಫರ್ ಯಾವ ತಾರೀಖಿಗೆ ಮುಗಿಯುತ್ತದೆ ಎಂಬ ಸಾಲು ಹೆಚ್ಚಿನವರ ಗಮನಕ್ಕೆ ಬರುವುದು ಆ ತಾರೀಖು ಹತ್ತಿರ ಬಂದಾಗಲೇ. ಸಾಮಾನ್ಯವಾಗಿ ಈ ಅವಧಿ ಮೂರರಿಂದ ಆರು ತಿಂಗಳು. ಕೆಲವು ಬ್ಯಾಂಕುಗಳು ಅದನ್ನು ಆಫರ್ ಕೊಟ್ಟ ದಿನದಿಂದ ಎಣಿಸಿದರೆ ಇನ್ನು ಕೆಲವು ಅರ್ಜಿ ಹಾಕಿದ ದಿನದಿಂದಲೇ ಎಣಿಸುತ್ತವೆ, ಹಾಗಾಗಿ ಬಾಯಿಮಾತಿನ ಆರು ತಿಂಗಳು ಪತ್ರ ಕೈಗೆ ಬರುವ ಹೊತ್ತಿಗೆ ಐದಾಗಿರುವುದೂ ಉಂಟು. ಇನ್ನೊಂದು ಕಡೆ, ಮಾರುವವರು ಬೆಲೆಗೆ ಒಪ್ಪಿದ ದಿನದಿಂದ ಕೀಲಿಕೈ ಸಿಗುವವರೆಗೆ ನಾಲ್ಕೈದು ತಿಂಗಳು ಹಿಡಿಯುವುದು ಅಲ್ಲಿ ಈಗ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಎರಡೂ ಅವಧಿಗಳ ನಡುವೆ ಉಳಿಯುವ ಅಂತರ ಇಷ್ಟು ಕಡಿಮೆಯಾದ್ದರಿಂದ, ಕಾಗದಪತ್ರದ ಕೆಲಸ ಒಂದೆರಡು ವಾರ ಜಗ್ಗಿದರೂ ಮಂಜೂರಾದ ಸಾಲ ಕೈತಪ್ಪುತ್ತದೆ.

ಇದನ್ನು ವಕೀಲರ ನಿಧಾನವೆಂದು ಕರೆದು ಮುಗಿಸಿಬಿಡುವುದು ಸುಲಭ, ಮತ್ತು ಹಲವು ಪ್ರಕರಣಗಳಲ್ಲಿ ಅದು ಸುಳ್ಳೂ ಅಲ್ಲ. ಆದರೆ ಆಸ್ತಿ ವರ್ಗಾವಣೆಯ ಈ ಕೆಲಸದಲ್ಲಿ, ಅಂದರೆ ಅಲ್ಲಿನವರು ಕನ್ವೇಯನ್ಸಿಂಗ್ ಎನ್ನುವ ವ್ಯವಹಾರದಲ್ಲಿ, ಕೈ ಆಡಿಸುವವರು ಹಲವರು: ಮಾರುವವರು, ಅವರ ವಕೀಲರು, ಕೊಳ್ಳುವವರ ವಕೀಲರು, ಸ್ಥಳೀಯ ಕೌನ್ಸಿಲ್, ಫ್ಲಾಟ್ ಆದರೆ ಕಟ್ಟಡದ ಮಾಲೀಕ ಮತ್ತು ನಿರ್ವಹಣಾ ಸಂಸ್ಥೆ, ಮಾರುವವರು ತಾವು ಹೋಗಲಿರುವ ಮನೆಯ ಮಾಲೀಕರು, ಅವರ ವಕೀಲರು. ಇವರಲ್ಲಿ ಪ್ರತಿಯೊಬ್ಬರಿಗೂ ತಡ ಮಾಡುವ ಶಕ್ತಿಯಿದೆ. ಗಡುವು ಇರುವುದು ಮಾತ್ರ ಸಾಲ ಪಡೆದು ಕೊಳ್ಳುವವರಿಗೆ. ತಡ ಮಾಡಿದವರಿಗೆ ತಡದ ಖರ್ಚು ತಟ್ಟುವುದಿಲ್ಲ ಎಂಬ ಈ ಒಂದು ಸಂಗತಿಯನ್ನು ಹಿಡಿದು ನೋಡಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಕರ್ನಾಟಕದಲ್ಲಿ ಮನೆ ಕೊಂಡು ಅಥವಾ ಕೊಳ್ಳುವುದನ್ನು ನೋಡಿ ಬೆಳೆದವರಿಗೆ ಇಂಗ್ಲೆಂಡಿನ ಕ್ರಮ ಮೊದಲು ತಲೆಕೆಳಗಾಗಿ ಕಾಣುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮಾತು ಕುದುರಿದ ಮೇಲೆ ಮುಂಗಡ ಕೊಟ್ಟು ಕ್ರಯದ ಕರಾರು ಮಾಡಿಕೊಳ್ಳುತ್ತಾರೆ. ಆಮೇಲೆ ಬ್ಯಾಂಕಿನ ವಕೀಲರ ಅಭಿಪ್ರಾಯ, ಇಸಿ, ಖಾತೆ, ನೋಂದಣಿ. ಕರಾರು ಮೊದಲೇ ಆಗಿರುವುದರಿಂದ ಮಾರುವವರು ಸುಮ್ಮನೆ ಹಿಂದೆ ಸರಿದರೆ ನ್ಯಾಯಾಲಯಕ್ಕೆ ಹೋಗುವ ದಾರಿಯಾದರೂ ಇರುತ್ತದೆ. ಇಂಗ್ಲೆಂಡಿನಲ್ಲಿ ಬೆಲೆಗೆ ಒಪ್ಪಿಗೆಯಾದ ಮೇಲೂ ಮಾರಾಟವು ಒಪ್ಪಂದಕ್ಕೆ ಒಳಪಟ್ಟದ್ದು ಎಂಬ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಇರುತ್ತದೆ. ಭೂಮಿಯ ಮಾರಾಟದ ಒಪ್ಪಂದ ಬರವಣಿಗೆಯಲ್ಲಿರಬೇಕು, ಎಲ್ಲ ಷರತ್ತುಗಳೂ ಅದರಲ್ಲಿರಬೇಕು, ಎರಡೂ ಕಡೆಯವರ ಸಹಿ ಇರಬೇಕು ಎಂದು 1989ರ ಕಾಯ್ದೆಯೊಂದು ಹೇಳುತ್ತದೆ. ಆ ಸಹಿಯಾದ ಪ್ರತಿಗಳನ್ನು ಎರಡು ಕಡೆಯ ವಕೀಲರು ಅದಲುಬದಲು ಮಾಡಿಕೊಳ್ಳುವ ಎಕ್ಸ್‌ಚೇಂಜ್ ಎಂಬ ಘಟ್ಟ ಬರುವುದು ಎಲ್ಲ ತಪಾಸಣೆಯೂ ಮುಗಿದ ಮೇಲೆ, ಬಹುಪಾಲು ಕೊನೆಯಲ್ಲಿ. ಅಲ್ಲಿಯವರೆಗೆ ಯಾರು ಬೇಕಾದರೂ, ಯಾವ ಕಾರಣವನ್ನೂ ಹೇಳದೆ, ಒಂದು ಪೌಂಡ್ ಪರಿಹಾರವನ್ನೂ ಕೊಡದೆ ಕೈತೊಳೆದುಕೊಳ್ಳಬಹುದು. ಹೀಗಿರುವಾಗ ಮಾರುವವರ ವಕೀಲರಿಂದ ಉತ್ತರ ಬರುವುದು ತಡವಾಯಿತೆಂದು ಕೊಳ್ಳುವವರು ಯಾವ ಆಧಾರದ ಮೇಲೆ ಒತ್ತಾಯಿಸುತ್ತಾರೆ? ಒಪ್ಪಂದವೇ ಇಲ್ಲದ ಕಡೆ ಒಪ್ಪಂದ ಭಂಗದ ಮಾತಿಲ್ಲ. ಸ್ಕಾಟ್ಲೆಂಡಿನ ಕ್ರಮ ಬೇರೆ. ಅಲ್ಲಿ ಮಾರುವವರೇ ಮನೆಯ ಸ್ಥಿತಿಯ ವರದಿಯನ್ನು ಮೊದಲೇ ಸಿದ್ಧಪಡಿಸಿ ಇಡಬೇಕಾಗುತ್ತದೆ, ವಕೀಲರ ಪತ್ರಗಳ ಮೂಲಕ ಒಪ್ಪಂದವೂ ಬೇರೆ ರೀತಿಯಲ್ಲಿ ಕಟ್ಟಿಕೊಳ್ಳುತ್ತದೆ.

ತಡ ಹೇಗೆ ಬೆಳೆಯುತ್ತದೆ ಎಂಬುದನ್ನು ನೋಡಲು ಫ್ಲಾಟಿನ ಉದಾಹರಣೆಯೇ ಸರಿ, ಏಕೆಂದರೆ ಮೊದಲ ಬಾರಿಗೆ ಕೊಳ್ಳುವವರ ಬಜೆಟ್ಟಿಗೆ ಲಂಡನ್ ಸುತ್ತಮುತ್ತ ನಿಲುಕುವುದು ಹೆಚ್ಚಾಗಿ ಫ್ಲಾಟುಗಳೇ, ಮತ್ತು ಅವುಗಳಲ್ಲಿ ಬಹುಪಾಲು ಲೀಸ್‌ಹೋಲ್ಡ್. ಅಂದರೆ ಕೊಳ್ಳುವುದು ದೀರ್ಘಾವಧಿಯ ಗುತ್ತಿಗೆ ಹಕ್ಕನ್ನು. ಕಟ್ಟಡವೂ ನೆಲವೂ ಫ್ರೀಹೋಲ್ಡರ್ ಎಂಬ ಬೇರೊಬ್ಬರ ಸ್ವತ್ತು, ದಿನನಿತ್ಯದ ನಿರ್ವಹಣೆ ಅವರು ನೇಮಿಸಿದ ಸಂಸ್ಥೆಯದು. ಕೊಳ್ಳುವವರ ವಕೀಲರಿಗೆ ಎಲ್‌ಪಿಇ1 ಎಂಬ ನಮೂನೆಯಲ್ಲಿ ಮಾಹಿತಿ ಬೇಕು: ಹಿಂದಿನ ವರ್ಷಗಳ ನಿರ್ವಹಣಾ ಶುಲ್ಕದ ಲೆಕ್ಕಪತ್ರ, ಕಟ್ಟಡದ ವಿಮೆ, ನೆಲಬಾಡಿಗೆ, ಬಾಕಿ, ಮುಂದೆ ಮಾಡಲಿರುವ ದೊಡ್ಡ ದುರಸ್ತಿ, ಬೆಂಕಿ ಅಪಾಯದ ಪರಿಶೀಲನಾ ವರದಿ. ಇದನ್ನು ತರಿಸಬೇಕಾದವರು ಮಾರುವವರು. ಕೊಡಬೇಕಾದವರು ನಿರ್ವಹಣಾ ಸಂಸ್ಥೆಯವರು. ಅದಕ್ಕೆ ಅವರು ಕೇಳುವಷ್ಟು ಶುಲ್ಕ ಕೊಡಬೇಕು, ಮತ್ತು ದುಡ್ಡು ಬರುವವರೆಗೆ ಅವರು ಕಡತ ಮುಟ್ಟುವುದಿಲ್ಲ. ಮಾರಾಟ ಮುರಿದುಬಿದ್ದರೆ ಆ ದುಡ್ಡು ವ್ಯರ್ಥವೆಂದು ಕೆಲವು ಮಾರಾಟಗಾರರು ಕೊಳ್ಳುವವರಿಗೆ ಸಾಲ ಮಂಜೂರಾಗುವವರೆಗೆ ಅರ್ಜಿಯನ್ನೇ ಹಾಕುವುದಿಲ್ಲ. ಆಫರ್‌ನ ಅವಧಿ ಓಡಲು ಶುರುವಾದ ಮೇಲೆ ಕಾಗದಕ್ಕೆ ಕೇಳುತ್ತಾರೆ.

ಮೂರ್ನಾಲ್ಕು ವಾರ ಕಳೆದು ಆ ಕಂತೆ ಬಂತೆಂದುಕೊಳ್ಳಿ. ಅದರಲ್ಲಿ ಚಾವಣಿ ದುರಸ್ತಿಯ ಪ್ರಸ್ತಾಪವಿದೆ. ಒಬ್ಬ ಲೀಸ್‌ಹೋಲ್ಡರ್‌ನ, ಅಂದರೆ ಫ್ಲಾಟಿನ ಗುತ್ತಿಗೆ ಹಕ್ಕುದಾರನ, ಪಾಲಿಗೆ 250 ಪೌಂಡ್‌ಗಿಂತ ಹೆಚ್ಚು ಬೀಳುವ ಕಾಮಗಾರಿಗೆ ನಿವಾಸಿಗಳೊಂದಿಗೆ ವಿಧಿವತ್ತಾಗಿ ಸಮಾಲೋಚನೆ ನಡೆಸಬೇಕೆಂದು 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಆ ನೋಟಿಸ್ ಹೊರಟಿದೆಯೇ, ಅಂದಾಜು ಎಷ್ಟು, ಮನೆ ಕೈಬದಲಾದ ಮೇಲೆ ಬಿಲ್ ಬಂದರೆ ಯಾರು ಕಟ್ಟಬೇಕು ಎಂದು ಕೊಳ್ಳುವವರ ವಕೀಲರು ಕೇಳಲೇಬೇಕು, ಏಕೆಂದರೆ ಹೆಚ್ಚಿನ ಪ್ರಕರಣಗಳಲ್ಲಿ ಅವರು ಕೊಳ್ಳುವವರ ಪರವಾಗಿಯಷ್ಟೇ ಅಲ್ಲ, ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುತ್ತಿರುತ್ತಾರೆ. ಈ ಪ್ರಶ್ನೆ ಮಾರುವವರ ವಕೀಲರಿಗೆ ಹೋಗುತ್ತದೆ, ಅವರಿಂದ ನಿರ್ವಹಣಾ ಸಂಸ್ಥೆಗೆ, ಅಲ್ಲಿಂದ ಕೆಲವೊಮ್ಮೆ ಫ್ರೀಹೋಲ್ಡರ್‌ಗೆ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಒಂದೊಂದು ಮೆಟ್ಟಿಲಲ್ಲಿ ನಾಲ್ಕೈದು ದಿನ ಕೂತರೂ ಒಂದೇ ಪ್ರಶ್ನೆಗೆ ತಿಂಗಳು. ಉತ್ತರ ಅರ್ಧಂಬರ್ಧವಾಗಿದ್ದರೆ ಎರಡನೇ ಸುತ್ತು. ಅಷ್ಟರಲ್ಲಿ ಮೊದಲು ಕೊಟ್ಟ ವಿಮಾ ಪತ್ರದ ಅವಧಿ ಮುಗಿದು ಹೊಸದನ್ನು ಕೇಳಬೇಕಾಗಿ ಬರುವುದು ಈ ಕೆಲಸದಲ್ಲಿರುವವರಿಗೆ ನಿತ್ಯದ ಅನುಭವ. ನೆಲಬಾಡಿಗೆ ಹತ್ತೋ ಹದಿನೈದೋ ವರ್ಷಕ್ಕೊಮ್ಮೆ ದ್ವಿಗುಣವಾಗುವ ಷರತ್ತು ಗುತ್ತಿಗೆ ಪತ್ರದಲ್ಲಿದ್ದರೆ ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಆ ಷರತ್ತು ತಿದ್ದಿಸಲು ಫ್ರೀಹೋಲ್ಡರ್ ಒಪ್ಪಿ ತಿದ್ದುಪಡಿ ಪತ್ರಕ್ಕೆ ಸಹಿ ಹಾಕಬೇಕು, ಅವರಿಗೆ ಅವಸರವಿಲ್ಲ.

ಗ್ರೆನ್‌ಫೆಲ್ ಟವರ್ ದುರಂತದ ನಂತರ ಎತ್ತರದ ಕಟ್ಟಡಗಳ ವಿಷಯದಲ್ಲಿ ಇನ್ನೊಂದು ಪದರ ಸೇರಿಕೊಂಡಿದೆ. 2017ರ ಜೂನ್ 14ರಂದು ಲಂಡನ್ನಿನ ಆ ಕಟ್ಟಡದಲ್ಲಿ ಬೆಂಕಿ ಹೊರಗೋಡೆಯ ಹೊದಿಕೆಯ ಮೂಲಕ ಹರಡಿ 72 ಜನ ಸತ್ತರು. ಹೊರಗೋಡೆಯ ಸುರಕ್ಷತೆ ತಿಳಿಸುವ ಇಡಬ್ಲ್ಯುಎಸ್1 ನಮೂನೆ 2019ರ ಡಿಸೆಂಬರ್‌ನಲ್ಲಿ ಬಂತು. 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಬಂದ ಮೇಲೆ, ಕನಿಷ್ಠ 11 ಮೀಟರ್ ಎತ್ತರ ಅಥವಾ ಐದು ಅಂತಸ್ತು ಇರುವ ಕಟ್ಟಡಗಳಲ್ಲಿ ದುರಸ್ತಿಯ ಖರ್ಚು ಯಾರ ತಲೆಗೆ ಎಂಬುದನ್ನು ನಿರ್ಧರಿಸುವ ಪ್ರಮಾಣಪತ್ರಗಳನ್ನು ಲೀಸ್‌ಹೋಲ್ಡರರೂ ಕಟ್ಟಡದ ಮಾಲೀಕರೂ ಕೊಡಬೇಕಾಯಿತು. ಇವು ಅನಗತ್ಯ ಕಾಗದಗಳಲ್ಲ. ಉರಿಯಬಲ್ಲ ಗೋಡೆಯ ಮನೆಗೆ ಮೂವತ್ತು ವರ್ಷದ ಸಾಲ ಮಾಡುವವರಿಗೆ ಆ ಮಾಹಿತಿ ಸಿಗಲೇಬೇಕು. ತೊಂದರೆಯೆಂದರೆ ತಪಾಸಣೆಯ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಬಂದಿದೆ, ಆಫರ್‌ನ ಅವಧಿ ಅದೇ ಆರು ತಿಂಗಳಲ್ಲೇ ನಿಂತಿದೆ.

ಅಲ್ಲಿ ನೆಲೆಸಿರುವ ಕನ್ನಡಿಗರ ಪ್ರಕರಣಗಳಲ್ಲಿ ತಡಕ್ಕೆ ಊರಿನ ಕಡೆಯಿಂದ ಬರುವ ಕಾರಣಗಳೂ ಇವೆ, ಮತ್ತು ಇವುಗಳ ಬಗ್ಗೆ ಬ್ರೋಕರುಗಳಾಗಲಿ ಎಸ್ಟೇಟ್ ಏಜೆಂಟರಾಗಲಿ ಮೊದಲೇ ಎಚ್ಚರಿಸುವುದು ಕಡಿಮೆ. ಠೇವಣಿಯ ಹಣಕ್ಕೆ ತಂದೆತಾಯಿ ಕೈಹಿಡಿಯುವುದು ಸಾಮಾನ್ಯ. 2017ರ ಅಕ್ರಮ ಹಣ ತಡೆ ನಿಯಮಗಳಡಿ ಇಂಗ್ಲೆಂಡಿನ ವಕೀಲರು ಆ ಹಣ ಎಲ್ಲಿಂದ ಬಂತು ಎಂದು ಕೊನೆಯ ಕೊಂಡಿಯವರೆಗೂ ನೋಡಬೇಕಾಗುತ್ತದೆ: ತಂದೆಯ ಗುರುತಿನ ದಾಖಲೆ, ತಿಂಗಳುಗಟ್ಟಲೆಯ ಬ್ಯಾಂಕ್ ಸ್ಟೇಟ್‌ಮೆಂಟ್, ಇದು ಉಡುಗೊರೆ, ಸಾಲವಲ್ಲ, ಮನೆಯಲ್ಲಿ ತನಗೆ ಯಾವ ಹಕ್ಕೂ ಇಲ್ಲ ಎಂಬ ಪತ್ರ. ಹಾಸನದಲ್ಲೋ ಶಿವಮೊಗ್ಗದಲ್ಲೋ ಒಂದು ಸೈಟು ಮಾರಿ ಕಳಿಸಿದ ಹಣವಾದರೆ ಕ್ರಯಪತ್ರ ತೋರಿಸಬೇಕು. ಕ್ರಯಪತ್ರ ಕನ್ನಡದಲ್ಲಿರುತ್ತದೆ; ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸಿಕ್ಕಿದ ಮೇಲೆ ನಿಜವಾದ ತೊಡಕು ಹೊರಬೀಳುವುದುಂಟು: ಪತ್ರದಲ್ಲಿ ಬರೆದ ಮೊತ್ತ ಮಾರ್ಗಸೂಚಿ ದರದ ಆಸುಪಾಸಿನದು, ನಿಜವಾದ ವ್ಯವಹಾರ ಅದಕ್ಕಿಂತ ಬಹಳ ಹೆಚ್ಚಿನದು, ಮಿಕ್ಕ ಹಣ ನಗದಾಗಿ ಕೈಬದಲಾಗಿದೆ. ಊರಿನಲ್ಲಿ ಎಲ್ಲರೂ ಕಂಡೂ ಕಾಣದಂತಿರುವ ಈ ರೂಢಿಯನ್ನು ಮ್ಯಾಂಚೆಸ್ಟರಿನ ವಕೀಲರಿಗೆ ವಿವರಿಸುವ ದಾರಿಯಿಲ್ಲ, ವಿವರಿಸಿದರೆ ಅವರು ಆ ಹಣವನ್ನು ಮುಟ್ಟುವಂತೆಯೂ ಇಲ್ಲ.

ಬಿಳಿಯ ಹಣವಾದರೂ ದಾರಿಗೆ ಸಮಯ ಬೇಕು. ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. 2025ರ ಏಪ್ರಿಲ್ 1ರಿಂದ, ಉಡುಗೊರೆಯಂಥ ಉದ್ದೇಶಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು 20% ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಹಿಡಿಯುತ್ತದೆ. ಅದು ಮುಂದೆ ತೆರಿಗೆ ಲೆಕ್ಕದಲ್ಲಿ ಹೊಂದಿಕೆಯಾದರೂ ಆ ಕ್ಷಣಕ್ಕೆ ಕೈಯಲ್ಲಿರಬೇಕಾದ ಹಣ ಹೆಚ್ಚುತ್ತದೆ. ಕೊಳ್ಳುವವರ ಸ್ವಂತ ಎನ್‌ಆರ್‌ಒ ಖಾತೆಯಿಂದ, ಅಂದರೆ ಅನಿವಾಸಿಗಳು ಭಾರತದ ಆದಾಯಕ್ಕೆಂದು ಇಟ್ಟುಕೊಳ್ಳುವ ಖಾತೆಯಿಂದ, ತರುವುದಾದರೆ ತೆರಿಗೆಯ ನಮೂನೆ, ಪ್ರಮಾಣಪತ್ರ ಎಂದು ಲೆಕ್ಕಪರಿಶೋಧಕರ ಬಾಗಿಲಿಗೆ ಹೋಗಬೇಕು. ಇವೆಲ್ಲ ಆಫರ್ ಬಂದ ಮೇಲೆ ಶುರುವಾದರೆ ಒಂದು ತಿಂಗಳು ಅಲ್ಲೇ ಹೋಯಿತು.

ಇದಕ್ಕಿಂತ ದೊಡ್ಡ ಅಚ್ಚರಿ ಸ್ಟ್ಯಾಂಪ್ ಡ್ಯೂಟಿಯದು. ಮೊದಲ ಬಾರಿಗೆ ಮನೆ ಕೊಳ್ಳುವವರು ಎಂದರೆ ಬ್ರಿಟನ್ನಿನಲ್ಲಿ ಮಾತ್ರವಲ್ಲ, ಜಗತ್ತಿನ ಯಾವ ಮೂಲೆಯಲ್ಲೂ ವಾಸದ ಮನೆಯಲ್ಲಿ ಹಕ್ಕು ಹೊಂದಿರದವರು ಎಂದು ಅಲ್ಲಿನ ತೆರಿಗೆ ಕಾನೂನು ಅರ್ಥ ಮಾಡುತ್ತದೆ; ಪಿತ್ರಾರ್ಜಿತವಾಗಿ ಬಂದ ಪಾಲೂ ಲೆಕ್ಕಕ್ಕೆ ಬರುತ್ತದೆ. ಅಜ್ಜನ ಮನೆಯಲ್ಲಿ ಅಣ್ಣತಮ್ಮಂದಿರ ಜತೆ ತನ್ನ ಹೆಸರೂ ಖಾತೆಯಲ್ಲಿ ಸೇರಿರುವುದನ್ನು ಮರೆತೇಬಿಟ್ಟವರು ನಮ್ಮಲ್ಲಿ ಕಡಿಮೆಯೇನಲ್ಲ. ಇಂಗ್ಲೆಂಡಿನಲ್ಲಿ 3 ಲಕ್ಷ ಪೌಂಡ್‌ನ ಫ್ಲಾಟನ್ನು ನಿಜವಾದ ಮೊದಲ ಕೊಳ್ಳುಗರು ಕೊಂಡರೆ ಈಗ ಸ್ಟ್ಯಾಂಪ್ ಡ್ಯೂಟಿ ಸೊನ್ನೆ. ಆ ವಿನಾಯಿತಿ ತಪ್ಪಿದರೆ 5,000 ಪೌಂಡ್. ಇನ್ನೊಂದು ಮನೆ ಇದೆಯೆಂಬ ಕಾರಣಕ್ಕೆ, 2024ರ ಅಕ್ಟೋಬರ್ 31ರಿಂದ 5%ಕ್ಕೆ ಏರಿರುವ ಹೆಚ್ಚುವರಿ ದರವೂ ಬಿದ್ದರೆ ಒಟ್ಟು 20,000 ಪೌಂಡ್. ಪಾಲು ಎಷ್ಟು, ಅದರ ಬೆಲೆ ಎಷ್ಟು, ಯಾವಾಗ ಬಂತು ಎಂಬುದರ ಮೇಲೆ ಈ ಹೆಚ್ಚುವರಿ ದರ ಬೀಳುವುದೂ ಬಿಡುವುದೂ ನಿಂತಿದೆ, ಹಾಗಾಗಿ ಇದು ವಕೀಲರನ್ನು ಮೊದಲ ವಾರದಲ್ಲೇ ಕೇಳಬೇಕಾದ ಪ್ರಶ್ನೆ. ಸಹಿ ಹಾಕುವ ಹಂತದಲ್ಲಿ ಗೊತ್ತಾದರೆ ಮತ್ತಷ್ಟು ಹಣ ಹೊಂದಿಸಬೇಕು, ಆ ಹಣದ ಮೂಲವನ್ನೂ ತೋರಿಸಬೇಕು, ಮತ್ತೆ ವಾರಗಳು.

ಈಗ ಆಫರ್ ಮುಗಿದೇ ಹೋಯಿತು ಎಂದುಕೊಳ್ಳೋಣ. ಅದರ ಪರಿಣಾಮ, ಎಕ್ಸ್‌ಚೇಂಜ್ ಆಗಿದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ.

ಆಗಿಲ್ಲದಿದ್ದರೆ ನಷ್ಟ ನೋವಿನದಾದರೂ ಲೆಕ್ಕಕ್ಕೆ ಸಿಗುವಂಥದ್ದು. ಬ್ಯಾಂಕು ಅವಧಿಯನ್ನು ವಿಸ್ತರಿಸಬಹುದು. ಕೆಲವು ಬ್ಯಾಂಕುಗಳು ಒಂದು ಫೋನು, ಒಂದು ಇಮೇಲಿನ ಮೇಲೆ ಕೆಲವು ವಾರ ಕೊಡುತ್ತವೆ, ಕೆಲವು ಹೊಸ ಸಂಬಳದ ಚೀಟಿ ಕೇಳುತ್ತವೆ, ಕೆಲವು ಮನೆಯ ಮೌಲ್ಯಮಾಪನವನ್ನೇ ಮತ್ತೆ ಮಾಡಿಸುತ್ತವೆ. ವಿಸ್ತರಣೆ ಸಿಗದಿದ್ದರೆ ಹೊಸ ಅರ್ಜಿ, ಆ ದಿನದ ದರ. 3 ಲಕ್ಷ ಪೌಂಡ್‌ನ ಅದೇ ಫ್ಲಾಟಿಗೆ 10% ಠೇವಣಿ ಕಳೆದು 2.7 ಲಕ್ಷ ಪೌಂಡ್ ಸಾಲ, 30 ವರ್ಷ ಎಂದಿಟ್ಟುಕೊಂಡರೆ, 4.25% ದರದಲ್ಲಿ ತಿಂಗಳ ಕಂತು ಸುಮಾರು 1,328 ಪೌಂಡ್, 4.75% ಆದರೆ ಸುಮಾರು 1,408. ಅರ್ಧ ಶೇಕಡಾ ವ್ಯತ್ಯಾಸಕ್ಕೆ ಐದು ವರ್ಷದ ಸ್ಥಿರ ದರದ ಅವಧಿಯಲ್ಲಿ 4,800 ಪೌಂಡ್ ಹೆಚ್ಚು. ಇದು ಸಾಧಾರಣ ಕಾಲದ ಲೆಕ್ಕ. 2022ರ ಸೆಪ್ಟೆಂಬರ್ 23ರಂದು ಅಂದಿನ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಮಂಡಿಸಿದ ಮಿನಿ ಬಜೆಟ್‌ನ ನಂತರ ಬ್ಯಾಂಕುಗಳು ದಿನಬೆಳಗಾಗುವುದರೊಳಗೆ ತಮ್ಮ ಸಾಲದ ಯೋಜನೆಗಳನ್ನು ಹಿಂತೆಗೆದುಕೊಂಡವು, ಅಕ್ಟೋಬರ್ ಆರಂಭಕ್ಕೆ ಎರಡು ವರ್ಷದ ಸ್ಥಿರ ದರದ ಸರಾಸರಿ 6% ದಾಟಿತು. ಆ ವಾರಗಳಲ್ಲಿ ಆಫರ್ ಕಳೆದುಕೊಂಡವರ ಪೈಕಿ ಅನೇಕರಿಗೆ ಹೆಚ್ಚಿನ ಕಂತು ಕಟ್ಟುವ ಪ್ರಶ್ನೆಯೇ ಬರಲಿಲ್ಲ, ಆದಾಯಕ್ಕೆ ಅಷ್ಟು ಸಾಲವೇ ಹುಟ್ಟದಂತಾಯಿತು. ದರ ಇಳಿಯುತ್ತಿರುವಾಗ ಇದೇ ಸಂಗತಿ ತಿರುಗಿ ಅನುಕೂಲವಾಗುತ್ತದೆ: 2023ರ ಆಗಸ್ಟ್‌ನಲ್ಲಿ 5.25% ಮುಟ್ಟಿದ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 2025ರ ಆಗಸ್ಟ್ ಹೊತ್ತಿಗೆ 4%ಕ್ಕೆ ಬಂದಿತ್ತು, ಆ ಅವಧಿಯಲ್ಲಿ ಹೊಸ ಆಫರ್ ಪಡೆದ ಕೆಲವರಿಗೆ ಲಾಭವೇ ಆಗಿರುತ್ತದೆ. ಆದರೆ ಅದು ಅದೃಷ್ಟದ ಮಾತು.

ದರಕ್ಕಿಂತ ಹೆಚ್ಚಿನ ಅಪಾಯ ಮರುಪರಿಶೀಲನೆಯದು. ಹೊಸ ಅರ್ಜಿ ಎಂದರೆ ಹೊಸ ಕಣ್ಣು. ನಡುವೆ ಕೆಲಸ ಬದಲಿಸಿದ್ದರೆ, ಪ್ರೊಬೇಷನ್ನಿನಲ್ಲಿದ್ದರೆ, ಹೆರಿಗೆ ರಜೆ ಶುರುವಾಗಿದ್ದರೆ, ಕಾರಿಗೆ ಸಾಲ ಮಾಡಿದ್ದರೆ, ಆರು ತಿಂಗಳ ಹಿಂದೆ ಹೌದು ಎಂದ ಬ್ಯಾಂಕು ಈಗ ಇಲ್ಲ ಎನ್ನಬಹುದು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರಿಗೆ ಇದರ ಜತೆ ಇನ್ನೊಂದು ತಾರೀಖು ಸೇರಿಕೊಳ್ಳುತ್ತದೆ. ಅರ್ಜಿಯ ಹೊತ್ತಿಗೆ ವೀಸಾ ಇಷ್ಟು ಕಾಲ ಉಳಿದಿರಬೇಕೆಂದು ಕೆಲವು ಬ್ಯಾಂಕುಗಳು ಕೇಳುತ್ತವೆ, ಮೊದಲ ಅರ್ಜಿಯಲ್ಲಿ ಆ ಗೆರೆಯನ್ನು ಸುಲಭವಾಗಿ ದಾಟಿದವರು ಎರಡನೆಯದರಲ್ಲಿ ಒಂದೆರಡು ತಿಂಗಳಿನಿಂದ ಬೀಳಬಹುದು.

ಎಕ್ಸ್‌ಚೇಂಜ್ ಆದ ಮೇಲೆ ಆಫರ್ ಮುಗಿದರೆ ಸಂಗತಿಯೇ ಬೇರೆ. ಆಗ ಸಾಮಾನ್ಯವಾಗಿ ಬೆಲೆಯ 10% ಠೇವಣಿ ಕಟ್ಟಿಯಾಗಿರುತ್ತದೆ, ನಿಗದಿತ ದಿನ ಉಳಿದ ಹಣ ಕೊಟ್ಟು ವ್ಯವಹಾರ ಪೂರ್ಣಗೊಳಿಸುವ ಬಾಧ್ಯತೆ ಕೊಳ್ಳುವವರ ಮೇಲಿರುತ್ತದೆ. ಬ್ಯಾಂಕು ಹಣ ಬಿಡದಿದ್ದರೂ ಆ ಬಾಧ್ಯತೆ ಹೋಗುವುದಿಲ್ಲ. ಬಹುತೇಕ ಒಪ್ಪಂದಗಳಲ್ಲಿ ಬಳಸುವ ಪ್ರಮಾಣಿತ ಷರತ್ತುಗಳ ಪ್ರಕಾರ ತಡವಾದ ದಿನಗಳಿಗೆ ಬಡ್ಡಿ ಬೀಳುತ್ತದೆ, ಮಾರುವವರು ನೋಟಿಸ್ ಕೊಟ್ಟು 10 ಕೆಲಸದ ದಿನಗಳ ಅಂತಿಮ ಅವಕಾಶ ಕೊಡಬಹುದು, ಅದೂ ಮೀರಿದರೆ ಒಪ್ಪಂದ ರದ್ದುಮಾಡಿ ಠೇವಣಿ ಇಟ್ಟುಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ ಅದು 30,000 ಪೌಂಡ್. ಇನ್ನೂ ಕಟ್ಟಿ ಮುಗಿಯದ ಹೊಸ ಮನೆಗಳನ್ನು ಕೊಳ್ಳುವವರು ಈ ಬಲೆಗೆ ಹೆಚ್ಚು ಬೀಳುತ್ತಾರೆ, ಏಕೆಂದರೆ ಬಿಲ್ಡರುಗಳು ಬುಕ್ಕಿಂಗ್ ಆದ 28 ದಿನಗಳಲ್ಲೇ ಎಕ್ಸ್‌ಚೇಂಜ್ ಮಾಡಬೇಕೆಂದು ಒತ್ತಾಯಿಸುವುದು ರೂಢಿ, ಆದರೆ ಮನೆ ಯಾವ ತಿಂಗಳು ಸಿದ್ಧವಾಗುತ್ತದೆ ಎಂಬುದಕ್ಕೆ ಅಂದಾಜಿನ ಹೊರತು ಖಚಿತ ದಿನ ಕೊಡುವುದಿಲ್ಲ. ಕೆಲವು ಬ್ಯಾಂಕುಗಳು ಹೊಸ ಮನೆಗಳಿಗೆ ಹೆಚ್ಚಿನ ಅವಧಿಯ ಆಫರ್ ಕೊಡುವುದು ಈ ಕಾರಣಕ್ಕೇ. ಅಂಥದ್ದು ಕೈಯಲ್ಲಿಲ್ಲದೆ ಆ ಒಪ್ಪಂದಕ್ಕೆ ಸಹಿ ಹಾಕುವುದು ನನ್ನ ದೃಷ್ಟಿಯಲ್ಲಿ ಯಾವ ರಿಯಾಯಿತಿಗೂ ತಕ್ಕ ಅಪಾಯವಲ್ಲ.

ಹಾಗಾದರೆ ಕೊಳ್ಳುವವರ ಕೈಯಲ್ಲಿ ಏನೂ ಇಲ್ಲವೇ? ಇದೆ, ಆದರೆ ಅದೆಲ್ಲ ಮೊದಲ ತಿಂಗಳಲ್ಲಿ. ಆಫರ್ ಮುಗಿಯುವ ತಾರೀಖನ್ನು ಆಫರ್ ಬಂದ ದಿನವೇ ತಮ್ಮ ವಕೀಲರಿಗೆ, ಎಸ್ಟೇಟ್ ಏಜೆಂಟರಿಗೆ ಬರವಣಿಗೆಯಲ್ಲಿ ತಿಳಿಸುವುದು, ಮಾರುವವರ ಕಡೆಗೂ ಅದು ತಲುಪುವಂತೆ ನೋಡಿಕೊಳ್ಳುವುದು ಚಿಕ್ಕ ಕೆಲಸವಾದರೂ ಅದರಿಂದ ಉಳಿದವರ ಮೇಜಿನ ಮೇಲೂ ಆ ಗಡುವು ಕೂರುತ್ತದೆ. ಕೌನ್ಸಿಲ್ ಸರ್ಚ್‌ಗೆ, ಅಂದರೆ ಮನೆಯ ಬಗ್ಗೆ ಸ್ಥಳೀಯ ಕೌನ್ಸಿಲ್‌ನ ದಾಖಲೆಗಳಲ್ಲಿ ಮಾಡಿಸುವ ಹುಡುಕಾಟಕ್ಕೆ, ಹಣವನ್ನು ಸಾಲ ಮಂಜೂರಾಗುವವರೆಗೆ ಕಾಯದೆ ಕಟ್ಟಿಬಿಡುವುದು, ವ್ಯವಹಾರ ಮುರಿದರೆ ಕೆಲವು ನೂರು ಪೌಂಡ್ ಹೋಗುತ್ತದೆಂದು ಗೊತ್ತಿದ್ದೂ, ಹೆಚ್ಚಿನ ಪ್ರಕರಣಗಳಲ್ಲಿ ಲಾಭದ ಲೆಕ್ಕವೇ. ಫ್ಲಾಟ್ ಆದರೆ ಎಲ್‌ಪಿಇ1ಕ್ಕೆ ಅರ್ಜಿ ಹೋಗಿದೆಯೇ ಎಂದು ಬೆಲೆ ಒಪ್ಪುವಾಗಲೇ ಕೇಳಬೇಕು. ಮಾರುವವರ ಉತ್ಸಾಹವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆಯಿಲ್ಲ. ಕೊನೆಯ ತಾರೀಖಿಗೆ ಏಳೆಂಟು ವಾರ ಇರುವಾಗಲೇ ಬ್ರೋಕರ್ ಮೂಲಕ ವಿಸ್ತರಣೆಯ ನಿಯಮ ತಿಳಿದುಕೊಳ್ಳಬೇಕು, ಏಕೆಂದರೆ ಹಣ ಬಿಡುಗಡೆಗೆ ವಕೀಲರು ಬ್ಯಾಂಕಿಗೆ ಕೆಲವು ಕೆಲಸದ ದಿನಗಳ ಮುಂಚೆಯೇ ಬರೆಯಬೇಕಾಗುತ್ತದೆ, ಮತ್ತು ಆಫರ್ ಮುಗಿಯುವ ದಿನದೊಳಗೆ ಹಣ ಹೊರಡಬೇಕು, ಸಹಿಯಾದರೆ ಸಾಲದು. ಅದೇ ಹೊತ್ತಿಗೆ ಸರ್ಚ್ ವರದಿಗಳ ತಾರೀಖನ್ನೂ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಆರು ತಿಂಗಳಿಗಿಂತ ಹಳೆಯ ಸರ್ಚನ್ನು ಬ್ಯಾಂಕುಗಳು ಒಪ್ಪುವುದಿಲ್ಲ, ಹಾಗಾಗಿ ಆಫರ್ ವಿಸ್ತರಿಸಿಕೊಂಡು ನಿಟ್ಟುಸಿರು ಬಿಟ್ಟ ಮರುದಿನವೇ ಸರ್ಚ್ ಹಳತಾಗಿದೆ ಎಂಬ ಸುದ್ದಿ ಬರಬಹುದು.

ತಮ್ಮದೇ ವಕೀಲರ ತಪ್ಪಿನಿಂದ ಆಫರ್ ಹೋಯಿತೆಂದಾದರೆ ಮೊದಲು ಆ ಸಂಸ್ಥೆಗೇ ಲಿಖಿತ ದೂರು, ಎಂಟು ವಾರದಲ್ಲಿ ಸಮಾಧಾನಕರ ಉತ್ತರ ಬರದಿದ್ದರೆ ವಕೀಲರ ಸೇವೆಯ ಮೇಲಿನ ದೂರು ವಿಚಾರಿಸುವ ಲೀಗಲ್ ಆಂಬುಡ್ಸ್‌ಮನ್. ದಾರಿ ಇದೆ, ಆದರೆ ಎಂಟು ವಾರ ಕಾಯುವಷ್ಟರಲ್ಲಿ ಮನೆ ಇನ್ನೊಬ್ಬರ ಪಾಲಾಗಿರುತ್ತದೆ. ಎದುರು ಕಡೆಯ ವಕೀಲರ ಮೇಲೆ ದೂರು ಕೊಡುವುದು ಇನ್ನೂ ಕಷ್ಟ. ಅವರು ಕೊಳ್ಳುವವರ ಕೆಲಸಗಾರರೇ ಅಲ್ಲ. ತಮ್ಮ ವಕೀಲರ ಬಗ್ಗೆಯೂ ಒಂದು ಮಾತು ಹೇಳಬೇಕು: ಹೆಚ್ಚಿನವರು ನಿಗದಿತ ಶುಲ್ಕಕ್ಕೆ ಕೆಲಸ ಒಪ್ಪಿಕೊಂಡಿರುತ್ತಾರೆ, ಕಡತವೊಂದು ಎಳೆದಷ್ಟೂ ಅವರಿಗೆ ನಷ್ಟ, ಆ ನಷ್ಟ ತುಂಬಿಕೊಳ್ಳಲು ಒಬ್ಬರೇ ಹಲವು ಕಡತ ಹಿಡಿದಿರುತ್ತಾರೆ. ಅಗ್ಗದ ಕೊಟೇಷನ್ ನೋಡಿ ಆರಿಸಿಕೊಂಡವರಿಗೆ ವಾರಗಟ್ಟಲೆ ಉತ್ತರ ಬರದಿರುವುದಕ್ಕೂ ಆ ಕೊಟೇಷನ್ನಿಗೂ ಸಂಬಂಧವಿದೆ. 2025ರ ಮಾರ್ಚ್ 31ರ ಗಡುವಿನಂಥ ಸಂದರ್ಭದಲ್ಲಂತೂ ಈ ಒತ್ತಡ ಒಂದೇ ವಾರಕ್ಕೆ ಬಂದು ಬೀಳುತ್ತದೆ. ಮೊದಲ ಕೊಳ್ಳುಗರ ಸ್ಟ್ಯಾಂಪ್ ಡ್ಯೂಟಿ ವಿನಾಯಿತಿಯ ಮಿತಿ ಮರುದಿನದಿಂದ 4.25 ಲಕ್ಷ ಪೌಂಡ್‌ನಿಂದ 3 ಲಕ್ಷಕ್ಕೆ ಇಳಿಯಿತು, 4.25 ಲಕ್ಷದ ಮನೆಯ ವ್ಯವಹಾರ ಒಂದು ದಿನ ಜಾರಿದವರು 6,250 ಪೌಂಡ್ ತೆತ್ತರು.

ಸರ್ಕಾರದ ಮಟ್ಟದಲ್ಲಿ ಈಗ ಮಾತು ನಡೆದಿದೆ. 2024ರ ಮೇ 24ರಂದು ಅಂಗೀಕಾರ ಪಡೆದ ಲೀಸ್‌ಹೋಲ್ಡ್ ಅಂಡ್ ಫ್ರೀಹೋಲ್ಡ್ ರಿಫಾರ್ಮ್ ಕಾಯ್ದೆಯಲ್ಲಿ, ಮಾರಾಟಕ್ಕೆ ಬೇಕಾದ ಮಾಹಿತಿಯನ್ನು ಇಷ್ಟು ದಿನದಲ್ಲಿ, ಇಷ್ಟು ಶುಲ್ಕದೊಳಗೆ ಕೊಡಬೇಕೆಂದು ವಿಧಿಸಲು ಅವಕಾಶವಿದೆ. ಕಾಯ್ದೆಯ ಬಹಳಷ್ಟು ಭಾಗಗಳಂತೆ ಇದಕ್ಕೂ ಬಲ ಬರುವುದು ವಿವರವಾದ ನಿಯಮಗಳು ಹೊರಟಾಗ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಸಮಾಲೋಚನೆಗೆ ಇಟ್ಟ ಪ್ರಸ್ತಾವಗಳು ಇನ್ನೂ ಮುಂದೆ ಹೋಗುತ್ತವೆ: ಮನೆ ಮಾರಾಟಕ್ಕೆ ಇಡುವಾಗಲೇ ಮಾರುವವರು ಮುಖ್ಯ ಮಾಹಿತಿಯನ್ನೆಲ್ಲ ಮುಂದಿಡಬೇಕು, ಇಷ್ಟಪಟ್ಟವರು ಮೊದಲೇ ಪರಸ್ಪರ ಬದ್ಧವಾಗುವ ಒಪ್ಪಂದ ಮಾಡಿಕೊಳ್ಳಬಹುದು. ಇದರಿಂದ ಸುಮಾರು ನಾಲ್ಕು ವಾರ ಉಳಿಯುತ್ತದೆ, ಮೊದಲ ಕೊಳ್ಳುಗರಿಗೆ ಸರಾಸರಿ 710 ಪೌಂಡ್ ಉಳಿತಾಯವಾಗುತ್ತದೆ ಎಂಬುದು ಸರ್ಕಾರದ ಅಂದಾಜು. ಈ ಎರಡು ಪ್ರಸ್ತಾವಗಳಲ್ಲಿ ಹೆಚ್ಚು ತೂಕದ್ದು ಎರಡನೆಯದಾದ ಬದ್ಧ ಒಪ್ಪಂದವೆಂದು ನನಗನ್ನಿಸುತ್ತದೆ, ಏಕೆಂದರೆ ಮಾರುವವರಿಗೂ ಒಂದು ಬಾಧ್ಯತೆ ಹುಟ್ಟಿದಾಗ ಮಾತ್ರ ತಡದ ಖರ್ಚು ಅವರನ್ನೂ ತಟ್ಟುತ್ತದೆ. ಆದರೆ ಅದನ್ನು ಐಚ್ಛಿಕವಾಗಿಯೇ ಇಟ್ಟರೆ, ಬೇಡಿಕೆ ಹೆಚ್ಚಿರುವ ಊರುಗಳಲ್ಲಿ ಮಾರುವವರು ಅದನ್ನು ಏಕೆ ಆರಿಸಿಕೊಳ್ಳುತ್ತಾರೆ?

ಮೊದಲೇ ಮಾಹಿತಿ ಕೊಡುವ ಪ್ರಯೋಗ ಹೊಸದೂ ಅಲ್ಲ. 2004ರ ಹೌಸಿಂಗ್ ಕಾಯ್ದೆಯಡಿ ಹೋಮ್ ಇನ್ಫರ್ಮೇಷನ್ ಪ್ಯಾಕ್ ಎಂಬ ಕಂತೆಯನ್ನು 2007ರ ಆಗಸ್ಟ್ 1ರಿಂದ, ಮೊದಲು ದೊಡ್ಡ ಮನೆಗಳಿಗೆ, ಆ ವರ್ಷಾಂತ್ಯದೊಳಗೆ ಉಳಿದವಕ್ಕೂ ಕಡ್ಡಾಯ ಮಾಡಲಾಗಿತ್ತು. ಮನೆಯ ಸ್ಥಿತಿಯ ವರದಿಯನ್ನು ಆರಂಭಕ್ಕೆ ಮೊದಲೇ ಕಡ್ಡಾಯದ ಪಟ್ಟಿಯಿಂದ ಕೈಬಿಟ್ಟರು, 2010ರ ಮೇನಲ್ಲಿ ಹೊಸ ಸರ್ಕಾರ ಬಂದೊಡನೆ ಇಡೀ ಯೋಜನೆಯನ್ನೇ ನಿಲ್ಲಿಸಿದರು. ರಾಜಕೀಯದ ಮಾತು ಬದಿಗಿಟ್ಟರೂ ಆ ಕಂತೆಗೆ ಒಂದು ಸಹಜ ಕುಂದಿತ್ತು: ಅದರೊಳಗಿನ ಸರ್ಚ್‌ಗಳೂ ಹಳತಾಗುತ್ತವೆ. ನಾಲ್ಕು ತಿಂಗಳು ಗಿರಾಕಿ ಸಿಗದ ಮನೆಯ ಕಂತೆಯನ್ನು ನಂಬಿ ಸಾಲ ಕೊಡಲು ಬ್ಯಾಂಕು ಒಪ್ಪದಿದ್ದರೆ ಕೊಳ್ಳುವವರು ಮತ್ತೆ ಹೊಸದನ್ನು ತರಿಸಲೇಬೇಕು. ಮೊದಲೇ ಸಂಗ್ರಹಿಸಿದ ಮಾಹಿತಿ ಉಪಯೋಗಕ್ಕೆ ಬರಬೇಕಾದರೆ ಅದು ಕ್ಷಣದಲ್ಲಿ ಹೊಸದಾಗಿಸಿಕೊಳ್ಳುವಂತಿರಬೇಕು. ಆ ದಿಕ್ಕಿನಲ್ಲಿ ಆಗಿರುವ ದೊಡ್ಡ ಕೆಲಸವೆಂದರೆ ಕೌನ್ಸಿಲ್‌ಗಳ ಬಳಿ ಇದ್ದ ಸ್ಥಳೀಯ ಭೂ ಋಣಭಾರಗಳ ದಾಖಲೆಯನ್ನು ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯ ಒಂದೇ ಡಿಜಿಟಲ್ ನೋಂದಣಿಗೆ ತರುವುದು. 2018ರ ಜುಲೈನಲ್ಲಿ ವಾರಿಕ್‌ನಿಂದ ಶುರುವಾದ ಆ ಕೆಲಸ ಒಂದೊಂದೇ ಕೌನ್ಸಿಲ್ ದಾಟಿ ಸಾಗುತ್ತಿದೆ, ಸೇರಿದ ಕಡೆಗಳಲ್ಲಿ ಆ ಹುಡುಕಾಟ ಕಂಪ್ಯೂಟರಿನಲ್ಲಿ ಕ್ಷಣಾರ್ಧದ ಕೆಲಸ. ಆದರೆ ಯೋಜನಾ ಅನುಮತಿ, ರಸ್ತೆ, ಕಟ್ಟಡ ನಿಯಮಗಳ ಅನುಮೋದನೆಯಂಥ ಪ್ರಶ್ನೆಗಳಿರುವ ಸಿಒಎನ್29 ಎಂಬ ಇನ್ನೊಂದು ಭಾಗ ಈ ವರ್ಗಾವಣೆಯಲ್ಲಿ ಸೇರಿಲ್ಲ. ಅದಕ್ಕೆ ಉತ್ತರ ಕೊಡುವುದು ಈಗಲೂ ಆಯಾ ಕೌನ್ಸಿಲ್, ಮತ್ತು ವಕೀಲರು ಬ್ಯಾಂಕಿಗೆ ವರದಿ ಕಳಿಸುವ ಮೊದಲು ಕೈಯಲ್ಲಿರಬೇಕಾದದ್ದು ಎರಡೂ ಭಾಗ.